ಹೊಗೆ ಉಗುಳದ ಕಟ್ಟಡಕ್ಕೂ ಹೊಗೆ ಶುಲ್ಕ

ಶಾಪಿಂಗ್ ಮಾಲ್‌ಗೆ ಚಿಮಣಿ ಇರುವುದಿಲ್ಲ. ನೂರು ಮನೆಗಳ ಹೊಸ ಬಡಾವಣೆಯಿಂದಲೂ ಕಪ್ಪು ಹೊಗೆ ಏಳುವುದಿಲ್ಲ. ಆದರೆ ಮಾಲ್ ತೆರೆದ ದಿನದಿಂದಲೇ ಸಾವಿರಾರು ಕಾರುಗಳು ಅದರ ಪಾರ್ಕಿಂಗ್‌ಗೆ ಬಂದು ಹೋಗಲು ಶುರುವಾಗುತ್ತವೆ. ಬಡಾವಣೆಯ ಪ್ರತಿ ಮನೆಯಿಂದ ಬೆಳಿಗ್ಗೆ ಒಂದೋ ಎರಡೋ ಗಾಡಿ ಕಚೇರಿಗೆ, ಶಾಲೆಗೆ ಹೊರಡುತ್ತವೆ. ಈ ಹೊಗೆಯನ್ನು ಯಾರ ಲೆಕ್ಕಕ್ಕೆ ಬರೆಯಬೇಕು? ಕಾರು ತಯಾರಿಸಿದವರದಕ್ಕೋ, ಓಡಿಸುವವರದಕ್ಕೋ, ಊರಾಚೆಯ ತೋಟ ಕಡಿದು ಮನೆ ಕಟ್ಟಿ, ಕಾರಿಲ್ಲದೆ ಹಾಲು ತರುವುದೂ ಆಗದಂತೆ ಮಾಡಿದವರದಕ್ಕೋ?

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾನ್ ವಾಕೀನ್ ಕಣಿವೆ 2006ರ ಮಾರ್ಚ್ 1ರಿಂದ ಈ ಮೂರನೆಯವರನ್ನೂ ಲೆಕ್ಕಕ್ಕೆ ಸೇರಿಸಿದೆ. ಅಲ್ಲಿನ ಪ್ರಾದೇಶಿಕ ವಾಯುಮಾಲಿನ್ಯ ನಿಯಂತ್ರಣ ಮಂಡಳಿಯ ‘ನಿಯಮ 9510’ರ ಪ್ರಕಾರ, ಹೊಸದಾಗಿ ಕಟ್ಟುವವರು ತಮ್ಮ ಯೋಜನೆಯಿಂದ ಮುಂದಿನ ಹತ್ತು ವರ್ಷಗಳಲ್ಲಿ ಹುಟ್ಟಬಹುದಾದ ಹೊಗೆ, ದೂಳನ್ನು ಮೊದಲೇ ಅಂದಾಜು ಮಾಡಿಸಬೇಕು. ಅದರಲ್ಲಿ ನಿಗದಿತ ಪಾಲನ್ನು ತಗ್ಗಿಸಬೇಕು. ತಗ್ಗಿಸಲಾಗದ್ದಕ್ಕೆ ಟನ್ ಲೆಕ್ಕದಲ್ಲಿ ಹಣ ಕಟ್ಟಬೇಕು. ಕಟ್ಟಡವು ‘ಪರೋಕ್ಷ ಮೂಲ’ ಎನ್ನುವುದು ಈ ನಿಯಮದ ತಳಹದಿ. ತಾನು ಹೊಗೆ ಬಿಡದಿದ್ದರೂ ಹೊಗೆ ಬಿಡುವ ವಾಹನಗಳನ್ನು ಎಳೆದು ತರುತ್ತದೆ ಎಂಬ ಅರ್ಥದಲ್ಲಿ.

ಇದರ ವಿರುದ್ಧ ಬಿಲ್ಡರುಗಳು ಕೋರ್ಟಿಗೆ ಹೋದದ್ದರಲ್ಲಿ ಆಶ್ಚರ್ಯವೇನಿಲ್ಲ. ಹಣ ಕಟ್ಟುವವರು ತಕರಾರು ಮಾಡುವುದು ಎಲ್ಲ ದೇಶಗಳಲ್ಲೂ ಇದ್ದದ್ದೇ. ಕುತೂಹಲದ ಸಂಗತಿಯೆಂದರೆ ಇಂಥ ಶುಲ್ಕದ ಮಾತು ಬಂದಾಗ ನಗರಗಳು, ಕೌಂಟಿಗಳು, ಅಂದರೆ ಸ್ಥಳೀಯ ಸರ್ಕಾರಗಳು ಹುಬ್ಬು ಗಂಟಿಕ್ಕುವುದು. ತಮ್ಮ ಜನರೇ ಉಸಿರಾಡುವ ಗಾಳಿಯ ವಿಷಯದಲ್ಲಿ ಅವುಗಳಿಗೆ ಏನು ಕಷ್ಟ?

ಮೊದಲು ಆ ಕಣಿವೆಯ ಆಕಾರ ನೋಡಬೇಕು. ಉತ್ತರದ ಸ್ಟಾಕ್‌ಟನ್‌ನಿಂದ ದಕ್ಷಿಣದ ಬೇಕರ್ಸ್‌ಫೀಲ್ಡ್‌ವರೆಗೆ ಸುಮಾರು 400 ಕಿಲೋಮೀಟರ್ ಉದ್ದದ ಸಪಾಟು ನೆಲ. ಪೂರ್ವಕ್ಕೆ ಸಿಯೆರಾ ನೆವಾಡ ಪರ್ವತ, ಪಶ್ಚಿಮಕ್ಕೆ ಕರಾವಳಿ ಬೆಟ್ಟಗಳು, ದಕ್ಷಿಣದಲ್ಲಿ ಟೆಹಾಚಪಿ ಸಾಲು. ಮೂರು ಕಡೆ ಗೋಡೆಯಿರುವ ತೊಟ್ಟಿಯಂಥ ಜಾಗ. ಮೇಲೆ ಬಿಸಿ ಗಾಳಿಯ ಪದರ ಮುಚ್ಚಳದಂತೆ ಕೂತುಬಿಟ್ಟರೆ ಕೆಳಗಿನ ಹೊಗೆಗೆ ಹೊರದಾರಿಯೇ ಇಲ್ಲ. ಬೇಸಿಗೆಯ ಬಿಸಿಲಿಗೆ ವಾಹನಗಳ ನೈಟ್ರೋಜನ್ ಆಕ್ಸೈಡು ಇತರ ಆವಿಗಳೊಡನೆ ಸೇರಿ ಓಜೋನ್ ಆಗುತ್ತದೆ. ಚಳಿಗಾಲದಲ್ಲಿ ಸೂಕ್ಷ್ಮ ಕಣಗಳು ನೆಲಮಟ್ಟದಲ್ಲೇ ತೂಗಾಡುತ್ತವೆ. ಬಾದಾಮಿ, ದ್ರಾಕ್ಷಿ, ಹೈನುಗಾರಿಕೆಯ ಸಿರಿವಂತ ನಾಡು ಇದು. ಉದ್ದಕ್ಕೂ ಎರಡು ದೊಡ್ಡ ಹೆದ್ದಾರಿಗಳು, ಹಗಲೂ ರಾತ್ರಿ ಡೀಸೆಲ್ ಲಾರಿಗಳು. ಇದರ ನಡುವೆ ಸ್ಯಾನ್ ಫ್ರಾನ್ಸಿಸ್ಕೊ ಕಡೆಯ ಮನೆ ಬೆಲೆ ತಾಳಲಾರದವರು ಬೆಟ್ಟ ದಾಟಿ ಬಂದು ಇಲ್ಲಿ ಮನೆ ಕೊಂಡರು. ಬಡಾವಣೆಗಳು ತೋಟಗಳನ್ನು ನುಂಗುತ್ತ ಹೋದವು.

ಗಾಳಿ ಕೌಂಟಿಯ ಗಡಿ ನೋಡಿ ಬೀಸುವುದಿಲ್ಲವಲ್ಲ. ಇದನ್ನು ಒಪ್ಪಿಕೊಂಡೇ 1991ರಲ್ಲಿ ಎಂಟು ಕೌಂಟಿಗಳ ಪ್ರತ್ಯೇಕ ವಾಯು ಕಚೇರಿಗಳು ಸೇರಿ ಒಂದು ಮಂಡಳಿಯಾದವು: ಸ್ಯಾನ್ ವಾಕೀನ್, ಸ್ಟಾನಿಸ್ಲಾಸ್, ಮರ್ಸೆಡ್, ಮಡೇರಾ, ಫ್ರೆಸ್ನೊ, ಕಿಂಗ್ಸ್, ಟುಲೇರಿ ಮತ್ತು ಕರ್ನ್ ಕೌಂಟಿಯ ಕಣಿವೆ ಭಾಗ. ಆದರೂ ಗಾಳಿ ಸಾಕಷ್ಟು ಸುಧಾರಿಸಲಿಲ್ಲ. ಎಷ್ಟರ ಮಟ್ಟಿಗೆಂದರೆ, 2004ರಲ್ಲಿ ಈ ಪ್ರದೇಶ ಓಜೋನ್ ವಿಷಯದಲ್ಲಿ ತನ್ನನ್ನು ‘ತೀವ್ರ’ ದರ್ಜೆಯಿಂದ ಅದಕ್ಕೂ ಕೆಟ್ಟದಾದ ‘ಅತಿತೀವ್ರ’ ದರ್ಜೆಗೆ ಇಳಿಸುವಂತೆ ತಾನಾಗಿಯೇ ಕೇಳಿಕೊಂಡಿತು. ಯಾಕೆ? ಗುರಿ ಮುಟ್ಟುವ ಗಡುವು 2005ರಿಂದ 2010ಕ್ಕೆ ಹೋಗುತ್ತಿತ್ತು, ಹೆದ್ದಾರಿ ಅನುದಾನ ಕಳೆದುಕೊಳ್ಳುವ ಭಯ ತಪ್ಪುತ್ತಿತ್ತು. ಫೇಲಾದ ಹುಡುಗ ಇನ್ನೂ ಕೆಳಗಿನ ತರಗತಿಗೆ ಹಾಕಿ ಎಂದು ಬೇಡಿಕೊಂಡ ಹಾಗೆ.

ಅದಕ್ಕೆ ಒಂದು ವರ್ಷ ಮೊದಲು, 2003ರಲ್ಲಿ, ಆ ಭಾಗದ ಸೆನೆಟರ್ ಡೀನ್ ಫ್ಲೋರೆಜ್ ಮಂಡಿಸಿದ ಎಸ್‌ಬಿ 709 ಮಸೂದೆ ಕಾಯ್ದೆಯಾಗಿತ್ತು. ಪರೋಕ್ಷ ಮೂಲಗಳ ಮೇಲೆ ಶುಲ್ಕ ವಿಧಿಸುವ ವ್ಯವಸ್ಥೆ ತರಬೇಕೆಂದು ಅದು ಮಂಡಳಿಗೆ ಹೇಳಿತು. 2005ರ ಡಿಸೆಂಬರ್ 15ರಂದು ಮಂಡಳಿ ನಿಯಮ 9510ಕ್ಕೆ ಒಪ್ಪಿಗೆ ಕೊಟ್ಟಿತು.

ನಿಯಮದ ಹಿಡಿತಕ್ಕೆ ಸಿಗುವವರು ಯಾರು ಎಂದು ನೋಡಿದರೆ ಜಗಳದ ಅರ್ಧ ಕಾರಣ ತಿಳಿಯುತ್ತದೆ. 50 ಅಥವಾ ಹೆಚ್ಚು ಮನೆಗಳ ಯೋಜನೆ; 2,000 ಚದರ ಅಡಿ ದಾಟಿದ ಅಂಗಡಿ, ಹೋಟೆಲಿನಂಥ ವ್ಯಾಪಾರಿ ಜಾಗ; 25,000 ಚದರ ಅಡಿಯ ಹಗುರ ಕೈಗಾರಿಕೆ; ಒಂದು ಲಕ್ಷ ಚದರ ಅಡಿಯ ಭಾರಿ ಕೈಗಾರಿಕೆ; 39,000 ಚದರ ಅಡಿಯ ಕಚೇರಿ. ಪಟ್ಟಿ ಇನ್ನೂ ಇದೆ. 9,000 ಚದರ ಅಡಿಯ ಶಿಕ್ಷಣ ಕಟ್ಟಡ, 10,000 ಚದರ ಅಡಿಯ ಸರ್ಕಾರಿ ಕಟ್ಟಡವೂ ಇದರಲ್ಲಿ ಸೇರಿವೆ. ನಗರಸಭೆ ತನಗಾಗಿ ಹೊಸ ಕಚೇರಿ ಕಟ್ಟಿಕೊಂಡರೂ ವಾಯು ಮಂಡಳಿಯ ಬಾಗಿಲಿಗೆ ಅರ್ಜಿ ಹಿಡಿದು ಹೋಗಬೇಕು. ದೊಡ್ಡ ರಸ್ತೆ ಕಾಮಗಾರಿಗೂ ಇದೇ ಗತಿ. ಹೀಗಾಗಿ ಸ್ಥಳೀಯ ಸರ್ಕಾರಗಳಿಗೆ ಇಲ್ಲಿ ದೂರದ ಪ್ರೇಕ್ಷಕರ ಸ್ಥಾನವಿಲ್ಲ. ಅವೂ ಹಣ ಕಟ್ಟುವ ಗಿರಾಕಿಗಳೇ.

ತಗ್ಗಿಸಬೇಕಾದ ಪಾಲು ಹೀಗಿದೆ. ಕಟ್ಟುವಾಗ ಬಳಸುವ ಯಂತ್ರಗಳ ಹೊಗೆಯಲ್ಲಿ, ರಾಜ್ಯದ ಸರಾಸರಿಗೆ ಹೋಲಿಸಿ, ನೈಟ್ರೋಜನ್ ಆಕ್ಸೈಡು ಶೇ 20ರಷ್ಟು, ಪಿಎಂ10 ಎಂಬ ಸೂಕ್ಷ್ಮ ಕಣಗಳು ಶೇ 45ರಷ್ಟು ಕಡಿಮೆಯಾಗಬೇಕು. ಹೊಸ ಮಾದರಿಯ ಜೆಸಿಬಿ, ಬುಲ್ಡೋಜರ್ ತಂದರೆ ಇದು ಬಹುಮಟ್ಟಿಗೆ ಆಗಿಬಿಡುತ್ತದೆ. ಕಟ್ಟಡ ಬಳಕೆಗೆ ಬಂದ ಮೇಲಿನ ಹತ್ತು ವರ್ಷಗಳ ಲೆಕ್ಕದಲ್ಲಿ ನೈಟ್ರೋಜನ್ ಆಕ್ಸೈಡಿನ ಮೂರನೇ ಒಂದು ಪಾಲು, ಪಿಎಂ10ರ ಅರ್ಧ ಇಳಿಯಬೇಕು. ಬಸ್ ನಿಲ್ದಾಣ ಹತ್ತಿರವಿದ್ದರೆ, ನಡೆದು ಹೋಗುವಷ್ಟು ದೂರದಲ್ಲಿ ಅಂಗಡಿ ಇದ್ದರೆ, ಸೈಕಲ್ ದಾರಿ ಮಾಡಿದರೆ ಅಂದಾಜು ಇಳಿಯುತ್ತದೆ. ವರ್ಷಕ್ಕೆ ಎರಡೆರಡು ಟನ್‌ಗಿಂತ ಕೆಳಗೆ ಬಂದ ಯೋಜನೆಗೆ ಬಳಕೆಯ ಹಂತದ ಶುಲ್ಕವೇ ಇಲ್ಲ. ಉಳಿದ ಕೊರತೆಗೆ ದರ ಪಟ್ಟಿ: ನೈಟ್ರೋಜನ್ ಆಕ್ಸೈಡಿಗೆ ಟನ್ನಿಗೆ 2006ರಲ್ಲಿ 4,650 ಡಾಲರ್, 2007ರಲ್ಲಿ 7,100, 2008ರಿಂದ 9,350. ಪಿಎಂ10ಕ್ಕೆ ಅದೇ ವರ್ಷಗಳಲ್ಲಿ 2,907, 5,594, 9,011 ಡಾಲರ್.

ಬರೀ ತಿಳಿವಳಿಕೆಗಾಗಿ ಒಂದು ಲೆಕ್ಕ ಹಾಕೋಣ. ನೂರು ಮನೆಗಳ ಬಡಾವಣೆಯೊಂದಕ್ಕೆ ಎಲ್ಲ ಸುಧಾರಣೆಯ ನಂತರವೂ ಐದು ಟನ್ ನೈಟ್ರೋಜನ್ ಆಕ್ಸೈಡು ಬಾಕಿ ಉಳಿಯಿತು ಎಂದುಕೊಳ್ಳಿ. 2008ರ ದರದಲ್ಲಿ 46,750 ಡಾಲರ್ ಆಯಿತು, ಮನೆಯೊಂದಕ್ಕೆ 467 ಡಾಲರ್ ಚಿಲ್ಲರೆ. ಲಕ್ಷಗಟ್ಟಲೆ ಡಾಲರ್ ಬೆಲೆಯ ಮನೆಗೆ ಇದು ಹಣೆಬರಹ ಬದಲಿಸುವ ಮೊತ್ತವೇನೂ ಅಲ್ಲ. ಹಾಗಿದ್ದರೂ ನಗರಗಳು ಕೊಸರಾಡುವುದು ಏಕೆ ಎಂದು ತಿಳಿಯಲು 1978ಕ್ಕೆ ಹೋಗಬೇಕು.

ಆ ವರ್ಷದ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ‘ಪ್ರೊಪೊಸಿಷನ್ 13’ ಎಂಬ ತಿದ್ದುಪಡಿಯನ್ನು ಗೆಲ್ಲಿಸಿದರು. ಆಸ್ತಿ ತೆರಿಗೆ ಶೇ 1ಕ್ಕೆ ಸೀಮಿತವಾಯಿತು. ಮನೆ ಮಾರಾಟವಾಗುವವರೆಗೆ ತೆರಿಗೆಯ ಲೆಕ್ಕಕ್ಕೆ ಅದರ ಬೆಲೆಯನ್ನು ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ನಿರ್ದಿಷ್ಟ ಉದ್ದೇಶಕ್ಕೆ ಹೊಸ ಸ್ಥಳೀಯ ತೆರಿಗೆ ಬೇಕಾದರೆ ಮೂರನೇ ಎರಡರಷ್ಟು ಮತ ಬೇಕು. ಆ ಶೇ 1ರಲ್ಲೂ ಕೌಂಟಿ, ಶಾಲೆ, ನಗರ, ಇತರ ಮಂಡಳಿಗಳು ಪಾಲು ಹಂಚಿಕೊಳ್ಳಬೇಕು. ನಗರಗಳು ಕೈ ಬರಿದಾಗಿ ಕುಳಿತವು. ಆಗ ಅವುಗಳಿಗೆ ಸಿಕ್ಕ ದಾರಿ ಎರಡು. ಒಂದು, ಮಾರಾಟ ತೆರಿಗೆ. ಮಾರಾಟ ಎಲ್ಲಿ ನಡೆಯಿತೋ ಆ ಊರಿಗೆ ಶೇ 1 ಸಿಗುತ್ತದೆ. ಹಾಗಾಗಿ ಪಕ್ಕದ ಊರಿಗೆ ಹೋಗಲಿರುವ ಮಾಲ್ ಅನ್ನು, ಕಾರ್ ಷೋರೂಮನ್ನು ತಮ್ಮ ಗಡಿಯೊಳಗೆ ಎಳೆದುಕೊಳ್ಳುವ ಪೈಪೋಟಿ ಶುರುವಾಯಿತು. ಇನ್ನೊಂದು, ಹೊಸ ಕಟ್ಟಡಗಳ ಮೇಲಿನ ಶುಲ್ಕ. ರಸ್ತೆಗೆ, ಒಳಚರಂಡಿಗೆ, ಉದ್ಯಾನಕ್ಕೆ, ಅಗ್ನಿಶಾಮಕ ಠಾಣೆಗೆ ಒಂದೊಂದು. 1987ರ ಕಾಯ್ದೆಯೊಂದು ಶುಲ್ಕಕ್ಕೂ ಕಟ್ಟಡದಿಂದ ಬೀಳುವ ಹೊರೆಗೂ ಸಂಬಂಧವನ್ನು ತೋರಿಸಲೇಬೇಕು ಎಂದಿತೇ ಹೊರತು ಶುಲ್ಕ ನಿಲ್ಲಿಸಲಿಲ್ಲ.

ಈಗ ನಗರಗಳ ಕಣ್ಣಿನಿಂದ ನೋಡಿ. ಮೊದಲ ತಕರಾರು ಹಣದ್ದು. ಹೊಸ ಕಟ್ಟಡ ಅವುಗಳ ಪಾಲಿಗೆ ಉಳಿದಿರುವ ಕೊನೆಯ ಕಾಮಧೇನು. ಪ್ರಾದೇಶಿಕ ಮಂಡಳಿ ಅದೇ ಹಸುವಿನ ಕೆಳಗೆ ತನ್ನ ತಂಬಿಗೆಯನ್ನೂ ಹಿಡಿಯಿತು. ಬಿಲ್ಡರು ಕೊಡಬಲ್ಲ ಒಟ್ಟು ಹಣಕ್ಕೆ ಒಂದು ಮಿತಿ ಇದೆ. ಮಂಡಳಿಗೆ ಹೋದ ಡಾಲರ್ ಊರಿನ ಗ್ರಂಥಾಲಯಕ್ಕೆ ಸಿಗದ ಡಾಲರ್. ಅದರ ಮೇಲೆ ಯೋಜನೆ ಗಡಿಯಾಚೆಯ ಇನ್ನೊಂದು ಪ್ರದೇಶಕ್ಕೆ ಜಾರಿಹೋದರೆ ಎಂಬ ಆತಂಕ. ಮನೆ ಬೆಲೆ ಏರಿ ಬಡವರಿಗೆ ಸಿಗದಂತಾಗುತ್ತದೆ ಎಂಬ ವಾದವೂ ಬರುತ್ತದೆ. ತಮ್ಮದೇ ಹತ್ತು ಶುಲ್ಕ ಹೇರಿದ ಮೇಲೆ ಹನ್ನೊಂದನೆಯದಕ್ಕೆ ಬಡವರ ನೆನಪಾಗುವುದು ಸ್ವಲ್ಪ ಸೋಜಿಗವೇ.

ಎರಡನೆಯ ತಕರಾರು ಅಧಿಕಾರದ್ದು. ಎಲ್ಲಿ ಮನೆ, ಎಲ್ಲಿ ಕಾರ್ಖಾನೆ, ಎಷ್ಟು ಮಹಡಿ ಎಂದು ತೀರ್ಮಾನಿಸುವುದು ಅಮೆರಿಕದಲ್ಲಿ ನಗರ ಮತ್ತು ಕೌಂಟಿಗಳ ಕೈಯಲ್ಲಿದೆ. ಇದನ್ನು ಅವು ಪಿತ್ರಾರ್ಜಿತ ಆಸ್ತಿಯಂತೆ ಕಾಯುತ್ತವೆ. ಕಾಯಲು ಚರಿತ್ರೆಯ ಬೆಂಬಲವೂ ಇದೆ. 1970ರ ದಶಕದಲ್ಲಿ ಕೇಂದ್ರದ ಪರಿಸರ ಸಂರಕ್ಷಣಾ ಸಂಸ್ಥೆಯಾದ ಇಪಿಎ, ಮಾಲ್, ಕ್ರೀಡಾಂಗಣ, ಪಾರ್ಕಿಂಗ್ ಜಾಗಗಳನ್ನು ಪರೋಕ್ಷ ಮೂಲಗಳೆಂದು ಪರಿಶೀಲಿಸಲು ಹೊರಟಾಗ ದೇಶದಾದ್ಯಂತ ಗದ್ದಲವಾಯಿತು. 1977ರಲ್ಲಿ ಸಂಸತ್ತು ಅದರ ಕೈ ಕಟ್ಟಿತು: ರಾಜ್ಯಗಳು ತಾವಾಗಿ ಇಂಥ ನಿಯಮ ಮಾಡಿಕೊಂಡರೆ ಸರಿ, ಇಪಿಎ ಒತ್ತಾಯಿಸುವಂತಿಲ್ಲ. ಕ್ಯಾಲಿಫೋರ್ನಿಯಾದ ಕಾನೂನು ಕೂಡ ವಾಯು ಮಂಡಳಿಗಳಿಗೆ ಪರೋಕ್ಷ ಮೂಲಗಳನ್ನು ನಿಯಂತ್ರಿಸುವ ಅಧಿಕಾರ ಕೊಟ್ಟ ಕಲಮಿನಲ್ಲೇ, ಇದರಿಂದ ನಗರ–ಕೌಂಟಿಗಳ ಭೂಬಳಕೆಯ ಅಧಿಕಾರಕ್ಕೆ ಕುಂದಿಲ್ಲ ಎಂದು ಸೇರಿಸಿದೆ.

ನಿಯಮ 9510 ಈ ಗೆರೆಯನ್ನು ದಾಟಿಲ್ಲ ಎಂಬುದು ನನ್ನ ತೀರ್ಮಾನ. ಇಲ್ಲಿ ಕಟ್ಟಬೇಡ ಎಂದು ಮಂಡಳಿ ಹೇಳುವುದಿಲ್ಲ. ನಕ್ಷೆಗೆ ಮಂಜೂರಾತಿ ಕೊಡುವುದು ನಗರವೇ. ಬಿಲ್ಡರು ಅತ್ತ ನಗರಕ್ಕೆ ಅರ್ಜಿ ಹಾಕಿ ಇತ್ತ ಮಂಡಳಿಗೂ ಒಂದು ಅರ್ಜಿ ಹಾಕಬೇಕು, ಅಷ್ಟೆ. ಇನ್ನೂ ಒಂದು ಮಾತು. ಈ ಮಂಡಳಿ ಆಕಾಶದಿಂದ ಇಳಿದದ್ದಲ್ಲ. ನಿಯಮಕ್ಕೆ ಒಪ್ಪಿಗೆ ಕೊಟ್ಟ 2005ರ ಮಂಡಳಿಯಲ್ಲಿ ಕೂತಿದ್ದವರು ಕೌಂಟಿ ಮತ್ತು ನಗರಗಳ ಚುನಾಯಿತ ಪ್ರತಿನಿಧಿಗಳೇ. ಈಗಿನ 15 ಸದಸ್ಯರಲ್ಲೂ ಎಂಟು ಮಂದಿ ಕೌಂಟಿಗಳವರು, ಐವರು ನಗರಗಳವರು. ರಾಜ್ಯಪಾಲರು ನೇಮಿಸುವವರು ಇಬ್ಬರು ಮಾತ್ರ. ಊರಿನ ಸಭೆಯಲ್ಲಿ ಶುಲ್ಕವನ್ನು ಬೈದ ವ್ಯಕ್ತಿ ಮುಂದಿನ ವಾರ ಮಂಡಳಿಯ ಕುರ್ಚಿಯಲ್ಲಿ ಕೂತು ಅದೇ ಶುಲ್ಕದ ಲೆಕ್ಕ ಒಪ್ಪಿಕೊಳ್ಳಬೇಕಾದ ಸ್ಥಿತಿ ಇದು. ಇಂಥ ಎರಡು ಟೋಪಿಯ ವ್ಯವಸ್ಥೆಯಲ್ಲಿ ಧೈರ್ಯ ಕಡಿಮೆ ಎನ್ನುವವರಿದ್ದಾರೆ. ಆದರೆ ಹೊರಗಿನವರು ಹೇರಿದರು ಎಂಬ ದೂರಿಗೆ ಜಾಗವಿಲ್ಲ.

ಮೂರನೆಯ ತಕರಾರಿಗೆ ಹೆಚ್ಚು ಬೆಲೆ ಕೊಡಬೇಕು. ನಮ್ಮ ಊರಲ್ಲಿ ವಸೂಲಾದ ಹಣ ಎಲ್ಲಿ ಖರ್ಚಾಗುತ್ತದೆ? ಮಂಡಳಿ ಆ ಹಣದಲ್ಲಿ ಬೇರೆಡೆ ಹೊಗೆ ತಗ್ಗಿಸುತ್ತದೆ: ಡೀಸೆಲ್ ನೀರಾವರಿ ಪಂಪಿಗೆ ಬದಲಾಗಿ ವಿದ್ಯುತ್ ಪಂಪು, ಹಳೆ ಲಾರಿ, ಟ್ರ್ಯಾಕ್ಟರಿಗೆ ಬದಲಾಗಿ ಹೊಸದು, ಹೀಗೆ. ಫ್ರೆಸ್ನೊದ ಬಡಾವಣೆಯ ದುಡ್ಡಿನಲ್ಲಿ ಕಿಂಗ್ಸ್ ಕೌಂಟಿಯ ರೈತನ ಟ್ರ್ಯಾಕ್ಟರ್ ಬದಲಾಗಬಹುದು. ಓಜೋನ್ ದೃಷ್ಟಿಯಿಂದ ಇದರಲ್ಲಿ ತಪ್ಪಿಲ್ಲ. ನೈಟ್ರೋಜನ್ ಆಕ್ಸೈಡು ಕಣಿವೆಯ ಯಾವ ಮೂಲೆಯಲ್ಲಿ ಕಡಿಮೆಯಾದರೂ ಅದರ ಪ್ರಯೋಜನ ಹಂಚಿಹೋಗುತ್ತದೆ. ಎಲ್ಲಿ ಕಡಿಮೆ ಖರ್ಚಿನಲ್ಲಿ ಹೆಚ್ಚು ಟನ್ ಇಳಿಯುತ್ತದೋ ಅಲ್ಲಿ ಖರ್ಚು ಮಾಡುವುದೇ ಜಾಣತನ. ಆದರೆ ದೂಳು ಮತ್ತು ಡೀಸೆಲ್ ಕಣಗಳ ಗುಣ ಬೇರೆ. ಅವು ಹುಟ್ಟಿದ ಜಾಗದ ಸುತ್ತಲೇ ಹೆಚ್ಚು ಕಾಡುತ್ತವೆ. ಶಾಲೆಯ ಪಕ್ಕ ಲಾರಿ ಓಡಾಡುವ ಗೋದಾಮು ಬಂದು, ಅದರ ದುಡ್ಡು ನೂರು ಮೈಲಿ ದೂರದ ಪಂಪಿಗೆ ಹೋದರೆ ಆ ಶಾಲೆಯ ಮಗುವಿನ ಎದೆಗೆ ಏನೂ ಸಿಕ್ಕಲಿಲ್ಲ. ಎರಡು ಬಗೆಯ ಮಾಲಿನ್ಯಕ್ಕೆ ಒಂದೇ ಹುಂಡಿ ಇಟ್ಟರೆ ನ್ಯಾಯ ಸಿಗುವುದಿಲ್ಲ. ‘ನಮ್ಮ ಹಣ ನಮಗೆ’ ಎಂಬ ನಗರಗಳ ಕೂಗು ಓಜೋನ್ ವಿಷಯದಲ್ಲಿ ಸ್ವಾರ್ಥ, ಕಣಗಳ ವಿಷಯದಲ್ಲಿ ನ್ಯಾಯ. ಈ ವ್ಯತ್ಯಾಸ ಮಾಡದೆ ಎರಡೂ ಕಡೆಯವರು ವಾದಿಸುವುದರಿಂದಲೇ ಚರ್ಚೆ ಮುಂದೆ ಹೋಗುವುದಿಲ್ಲ.

ಊರ ನಡುವಿನ ಖಾಲಿ ಜಾಗದಲ್ಲಿ ಕಟ್ಟುವವರ ಪ್ರಶ್ನೆಯೂ ಇದೆ. ಊರಾಚೆಗೆ ಹರಡುವುದಕ್ಕಿಂತ ಒಳಗೇ ಒತ್ತಾಗಿ ಕಟ್ಟುವುದು ಗಾಳಿಗೆ ಒಳ್ಳೆಯದು. ಆದರೆ ಅಲ್ಲಿ ಜಾಗ ದುಬಾರಿ, ಹಳೆ ಪೈಪು, ನೆರೆಯವರ ವಿರೋಧ. ಮೇಲೊಂದು ಶುಲ್ಕ ಬಿದ್ದರೆ ಅವರು ಹೊರವಲಯಕ್ಕೇ ಓಡುತ್ತಾರೆ ಎಂಬುದು ನಗರ ಯೋಜಕರ ಅಂಜಿಕೆ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ವಾಯು ಮಂಡಳಿ 2010ರ ತನ್ನ ಯೋಜನೆಯಲ್ಲಿ ಇಂಥ ನಿಯಮದ ಪ್ರಸ್ತಾಪ ಮಾಡಿತ್ತು. ಹಳೆಯ, ದಟ್ಟ ನಗರಗಳಿರುವ ಅಂಥ ಕಡೆ ಈ ಅಂಜಿಕೆಗೆ ಇನ್ನೂ ಹೆಚ್ಚು ತೂಕ ಬರುತ್ತದೆ. ಕಾರಿನ ಓಡಾಟ ಕಡಿಮೆಯಿದ್ದರೆ ಶುಲ್ಕ ತಾನಾಗಿಯೇ ಇಳಿಯುವಂತೆ ಲೆಕ್ಕದ ಸೂತ್ರ ಇಟ್ಟರೆ ಉತ್ತರ ಸಿಕ್ಕಂತೆ. ಸೂತ್ರವೇ ಒರಟಾಗಿದ್ದರೆ ನಗರಗಳ ಮಾತೇ ಸರಿ.

ನ್ಯಾಯಾಲಯದ ಕಥೆ ಚುಟುಕು. ಇದು ವೇಷ ಬದಲಿಸಿದ ತೆರಿಗೆ ಎಂದು ಬಿಲ್ಡರುಗಳ ಸಂಘ ರಾಜ್ಯದ ಕೋರ್ಟಿನಲ್ಲಿ ವಾದಿಸಿತು. 2009ರಲ್ಲಿ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ಯಂತ್ರಗಳ ಹೊಗೆಯ ಮಾನದಂಡ ನಿಗದಿ ಮಾಡುವುದು ಕೇಂದ್ರದ ಅಧಿಕಾರ ಎಂಬ ವಾದ ಫೆಡರಲ್ ಕೋರ್ಟಿಗೆ ಹೋಯಿತು. 2010ರ ಡಿಸೆಂಬರಿನಲ್ಲಿ ಒಂಬತ್ತನೇ ಸರ್ಕಿಟ್ ನ್ಯಾಯಾಲಯ, ನಿಯಮವು ಇಡೀ ನಿರ್ಮಾಣ ಸ್ಥಳವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಒಂದೊಂದು ಎಂಜಿನಿಗೆ ಮಾನದಂಡ ಹಾಕುವುದಿಲ್ಲ ಎಂದು ಎತ್ತಿಹಿಡಿಯಿತು.

ಕೋರ್ಟು ಮುಚ್ಚಿದ ಬಾಗಿಲಿಗೆ ಕಿಂಡಿಯೊಂದು ಉಳಿದಿತ್ತು. ನಗರಸಭೆ ವಿವೇಚನೆ ಬಳಸಿ ಅನುಮತಿ ಕೊಡುವ ಯೋಜನೆಗಳಿಗಷ್ಟೇ ನಿಯಮ ಅನ್ವಯವಾಗುತ್ತಿತ್ತು. ಆ ವಲಯದಲ್ಲಿ ಇಂಥ ಕಟ್ಟಡಕ್ಕೆ ಮೊದಲೇ ಅವಕಾಶವಿದೆ, ನಕ್ಷೆ ಸರಿಯಿದ್ದರೆ ಮುದ್ರೆ ಒತ್ತಿ ಕೊಡುವುದು ಎಂದು ನಗರ ತನ್ನ ಕಟ್ಟಳೆಯಲ್ಲಿ ಬರೆದುಕೊಂಡಿದ್ದರೆ, ಎಷ್ಟು ದೊಡ್ಡ ಗೋದಾಮಾದರೂ ಶುಲ್ಕವಿಲ್ಲದೆ ಪಾರಾಗಬಹುದಿತ್ತು. 2017ರ ಡಿಸೆಂಬರಿನ ತಿದ್ದುಪಡಿ ದೊಡ್ಡ ಯೋಜನೆಗಳ ಮಟ್ಟಿಗೆ ಈ ಕಿಂಡಿ ಮುಚ್ಚಿತು. ಭೂಬಳಕೆಯ ಅಧಿಕಾರ ನಗರದ್ದು, ಗಾಳಿಯ ಹೊಣೆ ಮಂಡಳಿಯದು ಎಂದು ಹಂಚಿಟ್ಟಾಗ ನಡುವಿನ ಬಿರುಕಿನಲ್ಲಿ ಏನೆಲ್ಲ ನುಸುಳಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಶುಲ್ಕ ಬೇಡ ಎನ್ನುವವರು ಇನ್ನೊಂದು ಬಿಲ್ಲನ್ನೂ ನೋಡಬೇಕು. 2010ರ ಓಜೋನ್ ಗಡುವಿನೊಳಗೂ ಕಣಿವೆ ಗುರಿ ಮುಟ್ಟಲಿಲ್ಲ. ಕೇಂದ್ರದ ಕಾಯ್ದೆಯಂತೆ ವರ್ಷಕ್ಕೆ ಸುಮಾರು 2.9 ಕೋಟಿ ಡಾಲರ್ ದಂಡ. ಅದರ ಬಹುಪಾಲನ್ನು ತುಂಬಲು 2011ರಿಂದ ಕಣಿವೆಯ ಪ್ರತಿ ವಾಹನದ ನೋಂದಣಿಗೆ 12 ಡಾಲರ್ ಹೆಚ್ಚುವರಿ ಬಿತ್ತು. ಹಳೆಯ ಮನೆಯಲ್ಲಿ ಬಾಡಿಗೆಗೆ ಇದ್ದು ಹಳೆಯ ಕಾರು ಓಡಿಸುವ ಕೂಲಿಯವನಿಗೂ 12 ಡಾಲರ್, ಹೊಸ ಬಂಗಲೆಯವನಿಗೂ 12 ಡಾಲರ್. ಹೊಸದಾಗಿ ಹೊಗೆ ತರುವವರಿಂದ ವಸೂಲಿ ಮಾಡದಿದ್ದರೆ ಲೆಕ್ಕ ಮಾಯವಾಗುವುದಿಲ್ಲ, ಎಲ್ಲರ ತಲೆಗೂ ಸಮನಾಗಿ ಹಂಚಿಕೆಯಾಗುತ್ತದೆ.

ದಕ್ಷಿಣದ ಲಾಸ್ ಏಂಜಲೀಸ್ ಕಡೆ ವಿಷಯ ಗೋದಾಮುಗಳತ್ತ ಹೊರಳಿದೆ. ಆನ್‌ಲೈನ್ ಖರೀದಿ ಹೆಚ್ಚಿದಂತೆ ಆಂಟಾರಿಯೊ, ಫಾಂಟಾನಾ, ಮೊರೇನೊ ವ್ಯಾಲಿ ಊರುಗಳ ಹೊರಗೆ ಗೋದಾಮುಗಳ ಕಾಡೇ ಬೆಳೆಯಿತು. ಉದ್ಯೋಗ, ಆದಾಯ ಎಂದು ನಗರಸಭೆಗಳು ಕೆಂಪು ಹಾಸು ಹಾಸಿದವು. ಲಾರಿಯ ಹೊಗೆ ಇಡೀ ಪ್ರದೇಶದ ಪಾಲಾಯಿತು. ಸೌತ್ ಕೋಸ್ಟ್ ವಾಯು ಮಂಡಳಿ 2021ರ ಮೇ 7ರಂದು ನಿಯಮ 2305 ತಂದು, ಒಂದು ಲಕ್ಷ ಚದರ ಅಡಿ ಮತ್ತು ಮೇಲ್ಪಟ್ಟ ಗೋದಾಮುಗಳು ಪ್ರತಿ ವರ್ಷ ಅಂಕ ಗಳಿಸಬೇಕು ಎಂದಿತು: ವಿದ್ಯುತ್ ಲಾರಿ ಬಳಸಿದರೆ, ಚಾರ್ಜರ್, ಸೌರಫಲಕ ಹಾಕಿದರೆ ಅಂಕ. ಕೊರತೆ ಬಿದ್ದರೆ ಅಂಕಕ್ಕೆ 1,000 ಡಾಲರ್. ಇಲ್ಲಿ ಎರಡು ಸುಧಾರಣೆ ಕಾಣುತ್ತದೆ. ಹಳೆಯ ಗೋದಾಮುಗಳೂ ಸಿಕ್ಕಿಬಿದ್ದವು, ಹೊಸಬರಷ್ಟೇ ತೆರುವ ಅನ್ಯಾಯ ತಪ್ಪಿತು. ಜೊತೆಗೆ, ಒಮ್ಮೆ ಹಣ ಕಟ್ಟಿ ಕೈತೊಳೆಯುವ ಬದಲು ವರ್ಷವರ್ಷವೂ ಲೆಕ್ಕ ಒಪ್ಪಿಸಬೇಕು. ಲಾರಿ ಮಾಲೀಕರ ಸಂಘ ಹೂಡಿದ ದಾವೆ 2023ರ ಡಿಸೆಂಬರಿನಲ್ಲಿ ಫೆಡರಲ್ ಜಿಲ್ಲಾ ನ್ಯಾಯಾಲಯದಲ್ಲಿ ಬಿದ್ದುಹೋಯಿತು.

ಕಣಿವೆಯ ಉತ್ತರ ತುದಿಯ ಟ್ರೇಸಿ, ಮೌಂಟನ್ ಹೌಸ್ ಕಡೆಯ ಹೊಸ ಬಡಾವಣೆಗಳಲ್ಲಿ ಭಾರತೀಯ ಮೂಲದ ಕುಟುಂಬಗಳು ಬಹಳ. ಸಿಲಿಕಾನ್ ವ್ಯಾಲಿಯ ಕೆಲಸಕ್ಕೆ ಬೆಟ್ಟ ದಾಟಿ ಗಂಟೆಗಟ್ಟಲೆ ಕಾರು ಓಡಿಸುವವರಿಗೆ ಈ ಲೇಖನದ ವಿಷಯ ಮನೆ ಬಾಗಿಲಿನದೇ.

ಬೆಂಗಳೂರಿನಲ್ಲಿರುವವರಿಗೂ ದೂರವೇನಲ್ಲ. ನಮ್ಮಲ್ಲಿ ನಕ್ಷೆ ಮಂಜೂರಾತಿಯ ಹೊತ್ತಿಗೆ ನೀರು ಸರಬರಾಜು, ವರ್ತುಲ ರಸ್ತೆ, ಕೊಳೆಗೇರಿ ಸುಧಾರಣೆ, ಸಾಮೂಹಿಕ ಸಾರಿಗೆ ಎಂದು ಸೆಸ್ ಕಟ್ಟಿಸಿಕೊಳ್ಳಲು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಅವಕಾಶವಿದೆ. 20,000 ಚದರ ಮೀಟರ್ ಮೇಲ್ಪಟ್ಟ ಕಟ್ಟಡಕ್ಕೆ 2006ರ ಅಧಿಸೂಚನೆಯಂತೆ ಪರಿಸರ ಅನುಮತಿ ಬೇಕು. ಗಾಳಿಯ ಹೊಣೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು, ಕಟ್ಟಡದ ಒಪ್ಪಿಗೆ ಇನ್ನೊಬ್ಬರದು, ಬಸ್ಸು ಮತ್ತೊಬ್ಬರದು. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ದಾವಣಗೆರೆ, ಕಲಬುರಗಿ ನಾಲ್ಕೂ ಇವೆ. ಹೊಸ ಟೆಕ್ ಪಾರ್ಕು ಎಷ್ಟು ಕಾರುಗಳನ್ನು ರಸ್ತೆಗೆ ಇಳಿಸುತ್ತದೆ ಎಂದು ಲೆಕ್ಕ ಹಾಕಿ ಟನ್ನಿಗೆ ಬೆಲೆ ಕಟ್ಟುವ ಪದ್ಧತಿ ಮಾತ್ರ ಇಲ್ಲ.

ನಾಳೆ ಯಾರಾದರೂ ಇಲ್ಲಿ ‘ವಾಯು ಸೆಸ್’ ಎಂದು ಹೊರಟರೆ ಎಷ್ಟು ರೂಪಾಯಿ ಎಂದು ಕೇಳಿ ಸುಮ್ಮನಾಗಬೇಡಿ. ಓಡಾಟ ಕಡಿಮೆ ಮಾಡಿದವನಿಗೆ ಶುಲ್ಕ ಇಳಿಯುತ್ತದೆಯೇ, ದೂಳಿನ ಹಣ ದೂಳೆದ್ದ ವಾರ್ಡಿನಲ್ಲೇ ಖರ್ಚಾಗುತ್ತದೆಯೇ, ಸರ್ಕಾರಿ ಕಟ್ಟಡವೂ ತೆರುತ್ತದೆಯೇ ಎಂಬ ಮೂರಕ್ಕೆ ಲಿಖಿತ ಉತ್ತರ ಕೇಳಿ. ಮೂರಕ್ಕೂ ಹೌದು ಎಂದರೆ ಶುಲ್ಕಕ್ಕೆ ಒಪ್ಪಬಹುದು. ಒಂದಕ್ಕೆ ಇಲ್ಲ ಎಂದರೂ ಅದು ಖಜಾನೆ ತುಂಬುವ ಇನ್ನೊಂದು ಸೆಸ್, ಅಷ್ಟೆ.